ಯಂತ್ರ ಯಾರ ಕೈಯಳತೆಗೆ?

ಗಿರಣಿಯಲ್ಲಿ ಕಾಮಗಾರನ ಬೆರಳು ತುಂಡಾದರೆ ಮಾಲಕರ ಮೊದಲ ಮಾತು ಒಂದೇ: ‘ಅವನದೇ ಅಲಕ್ಷ್ಯ.’ ಪಟ್ಟಿಗೆ ಹೊದಿಕೆ ಇತ್ತೇ, ನಿಲ್ಲಿಸುವ ಗುಂಡಿ ಕೈಗೆ ಎಟಕುತ್ತಿತ್ತೇ ಎಂದು ಕೇಳುವುದನ್ನು ದುಡಿಯುವ ಜನ ಹೋರಾಡಿಯೇ ಕಲಿಸಬೇಕಾಯಿತು. ಅದೇ ಪ್ರಶ್ನೆಯನ್ನು ನಾವೀಗ ಸರಕಾರಿ ದವಾಖಾನೆಯ ಕಂಪ್ಯೂಟರಿನ ಬಗೆಗೂ ಕೇಳಬೇಕಾಗಿದೆ.

2025ರ ಜನವರಿ 7ರಿಂದ ನಾಲ್ಕು ದಿನ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತರು. ತಿಂಗಳಿಗೆ 15,000 ರೂಪಾಯಿ ಗೌರವಧನ ಕೇಳಿದ್ದು, 10,000ದ ಭರವಸೆ ಪಡೆದು ಎದ್ದದ್ದು ಎಲ್ಲರಿಗೂ ಗೊತ್ತು. ಅವರ ಇನ್ನೊಂದು ದೂರು ಪೇಟೆಯ ಕಿವಿಗೆ ಅಷ್ಟಾಗಿ ಬೀಳಲಿಲ್ಲ. ಮಾಡಿದ ಕೆಲಸ ತಾಯಿ-ಮಗುವಿನ ಆರೋಗ್ಯದ ಪೋರ್ಟಲ್ಲಿನಲ್ಲಿ ಕಾಣದಿದ್ದರೆ ಪ್ರೋತ್ಸಾಹಧನವಿಲ್ಲ! ಬಾಣಂತಿಯ ಮನೆಗೆ ನಡೆದವಳು ಇವಳು, ಯಂತ್ರ ತಪ್ಪಿದರೆ ದಂಡವೂ ಇವಳಿಗೇ.

ಇದು ಕೂಲಿಯ ಮಾತಷ್ಟೇ ಅಲ್ಲ. ಕೆರೂರಿನ ಒಂದು ಓಣಿಯಲ್ಲಿ ನಾಲ್ವರು ಯಲ್ಲವ್ವಂದಿರು ಇದ್ದಾರೆಂದು ಇಟ್ಟುಕೊಳ್ಳಿ. ಪರದೆಯ ಮೇಲೆ ನಾಲ್ಕೂ ಹೆಸರು ಒಂದರ ಕೆಳಗೊಂದು, ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಹೊರಗೆ ಉದ್ದನೆಯ ಸರದಿ. ಒಳಗೆ ನರ್ಸಮ್ಮನಿಗೆ ನೀರು ಕುಡಿಯಲೂ ಪುರುಸೊತ್ತಿಲ್ಲ. ಬೆರಳು ಒಂದು ಗೆರೆ ಜಾರಿದರೆ ಒಬ್ಬಳ ರಕ್ತದ ವರದಿ ಇನ್ನೊಬ್ಬಳ ಲೆಕ್ಕಕ್ಕೆ. ಓಣಿಯವರಾದರೆ ‘ನೀರಿನ ಟಾಕಿ ಮಗ್ಗಲ ಯಲ್ಲವ್ವ’ ಎಂದು ಗುರುತು ಹಿಡಿಯುತ್ತಾರೆ. ವಯಸ್ಸು, ಮನೆಯ ಗುರುತು ದೊಡ್ಡ ಕನ್ನಡ ಅಕ್ಷರದಲ್ಲಿ ಎದುರಿಗಿದ್ದರೆ ನರ್ಸಮ್ಮನೂ ಹಿಡಿದಾಳು.

ಎರಡನೆಯ ಮಹಾಯುದ್ಧದಲ್ಲಿ ಅಮೇರಿಕದ ಬಿ-17 ವಿಮಾನಗಳನ್ನು ಇಳಿಸಿದ ಮೇಲೆ ಪೈಲಟರು ರೆಕ್ಕೆಯ ಪಟ್ಟಿ ಎತ್ತಲು ಹೋಗಿ ಗಾಲಿಗಳನ್ನೇ ಮಡಿಸಿಬಿಡುತ್ತಿದ್ದರು. ‘ಪೈಲಟರ ತಪ್ಪು’ ಎಂದು ಬರೆದು ಕೈತೊಳೆಯಲಾಗುತ್ತಿತ್ತು. ಆಲ್ಫಾನ್ಸ್ ಚಾಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ನೋಡಿದ: ಎರಡು ಹಿಡಿಕೆಗಳೂ ಒಂದೇ ತೆರ, ಅಕ್ಕಪಕ್ಕ. ಒಂದಕ್ಕೆ ಗಾಲಿಯಾಕಾರದ ತುದಿ ಕೂಡಿಸಿದರೆ ಕತ್ತಲಲ್ಲೂ ಕೈಗೆ ತಿಳಿಯಿತು. 2005ರಲ್ಲಿ ಅದೇ ದೇಶದ ಒಂದು ದೊಡ್ಡ ಆಸ್ಪತ್ರೆಯ ಔಷಧ ಬರೆಯುವ ಕಂಪ್ಯೂಟರನ್ನು ಸಂಶೋಧಕರು ಪರಿಶೀಲಿಸಿದಾಗ, ಅದು 22 ಬಗೆಯ ತಪ್ಪುಗಳಿಗೆ ದಾರಿ ಮಾಡಿಕೊಡುತ್ತಿತ್ತು. ತಪ್ಪು ತಡೆಯಲೆಂದೇ ತಂದ ಯಂತ್ರವದು!

ನಮ್ಮ ನೇಕಾರನಿಗೆ ಇದು ಹೊಸ ವಿದ್ಯೆಯಲ್ಲ. ಕುಣಿಮಗ್ಗ ಹೂಡುವಾಗ ಕೂಡುವವನ ಕಾಲಳತೆ ನೋಡಿ ಕುಣಿ ತೋಡುತ್ತಾರೆ. ಕುಣಿಗೆ ತಕ್ಕಂತೆ ಕಾಲು ಕೊಯ್ಯುವುದಿಲ್ಲ.

ಆದುದರಿಂದ ಆರೋಗ್ಯ ಇಲಾಖೆ ಹೊಸ ತಂತ್ರಾಂಶ ಕೊಳ್ಳುವ ಮೊದಲು ಅದನ್ನು ಸಂತೆಯ ದಿನ ಕೆರೂರಿನ ದವಾಖಾನೆಗೆ ತರಲಿ. ಕರೆಂಟು ಹೋದಾಗ, ಸರದಿ ಬಾಗಿಲು ಮುರಿಯುವಂತಿದ್ದಾಗ, ನರ್ಸಮ್ಮನ, ಆಶಾಳ ಕೈ ಎಲ್ಲಿ ತಡವರಿಸುತ್ತದೆಂದು ಅದನ್ನು ಮಾಡಿದವರೇ ಪಕ್ಕದಲ್ಲಿ ನಿಂತು ನೋಡಲಿ. ತಪ್ಪು ಹೇಳಿಕೊಂಡವಳಿಗೆ ನೋಟೀಸು ಬೇಡ. ಅಲ್ಲಿಯವರೆಗೆ ಕಾಗದದ ರಜಿಸ್ಟರ್ ಮೇಜಿನ ಮೇಲೇ ಇರಲಿ, ಅದರಲ್ಲಿ ಬರೆದ ಕೆಲಸಕ್ಕೂ ದುಡ್ಡು ಬರಲಿ.