ಫರ್ಮ್‌ವೇರ್ ಬಿಡುಗಡೆಗೆ ಮೈಸೂರಿನ ಹಕ್ಕೊತ್ತಾಯ

ಇವರಿಗೆ: ಮೈಸೂರಿನ ಮನೆ, ಕಾಲೇಜು, ಕಚೇರಿಗಳಿಗೆ ಕಂಪ್ಯೂಟರ್, ರೂಟರ್, ಪ್ರಿಂಟರ್, ಸ್ಮಾರ್ಟ್ ಮೀಟರ್ ಮಾರುವ ಎಲ್ಲ ತಯಾರಕ ಕಂಪನಿಗಳಿಗೆ

ಪ್ರತಿ: ವ್ಯವಸ್ಥಾಪಕ ನಿರ್ದೇಶಕರು, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಮೈಸೂರು

ದುಡ್ಡು ಕೊಟ್ಟು ಕೊಂಡ ಯಂತ್ರ ನಮ್ಮದು. ಅದನ್ನು ನಡೆಸುವ ಫರ್ಮ್‌ವೇರಿಗೆ ಬೀಗ ಹಾಕಿಕೊಂಡು ಕೂತವರು ನೀವು. ಲಿನಕ್ಸ್ ಕರ್ನಲ್ಲಿನ ಪ್ರತಿ ಸಾಲನ್ನೂ ನಮ್ಮ ವಿದ್ಯಾರ್ಥಿನಿ ಓದಬಲ್ಲಳು, ವೈಫೈ ಚಿಪ್ಪಿನ ಫರ್ಮ್‌ವೇರ್ ಮಾತ್ರ ಅವಳ ಕೈಗೆ ಬರಿಯ ಬೈನರಿ ಕಡತವಾಗಿ ಸಿಗುತ್ತದೆ. ಗಟ್ಟಿಮುಟ್ಟಾದ ರೂಟರುಗಳು ಅಪ್‌ಡೇಟ್ ನಿಂತ ಒಂದೇ ಕಾರಣಕ್ಕೆ ಗುಜರಿ ಸೇರುತ್ತಿವೆ.

ವಿದ್ಯುತ್ ಮೀಟರಿನ ಕಥೆಯೂ ಇದೇ. ದೇಶದ 14 ಸ್ಮಾರ್ಟ್ ಗ್ರಿಡ್ ಪ್ರಾಯೋಗಿಕ ಯೋಜನೆಗಳಲ್ಲಿ ಒಂದನ್ನು ಇದೇ ಊರಿನ ವಿ.ವಿ. ಮೊಹಲ್ಲಾ ವಿಭಾಗದ 21,824 ಗ್ರಾಹಕರಿಗೆಂದು ರೂಪಿಸಲಾಯಿತು. ಹಳೆಯ ಮೀಟರಿನ ಚಕ್ರ ತಿರುಗುವುದನ್ನು ಮನೆಯವರು ಕಣ್ಣಾರೆ ನೋಡುತ್ತಿದ್ದರು. ಸ್ಮಾರ್ಟ್ ಮೀಟರಿನ ಲೆಕ್ಕ ಫರ್ಮ್‌ವೇರಿನೊಳಗೆ ನಡೆಯುತ್ತದೆ. ಬಿಲ್ ಕಟ್ಟುವವರಿಗೆ ಅದನ್ನು ಓದುವ ದಾರಿಯಿಲ್ಲ.

ಸಾಧ್ಯವಿಲ್ಲ ಎಂಬ ಉತ್ತರವನ್ನು ನಾವು ಒಪ್ಪುವುದಿಲ್ಲ. 2003ರಲ್ಲಿ ಲಿಂಕ್‌ಸಿಸ್ ಕಂಪನಿ ಕೋಡ್ ಹಂಚಲೇಬೇಕೆನ್ನುವ ಜಿಪಿಎಲ್ ಪರವಾನಗಿಯ ಷರತ್ತಿಗೆ ತಲೆಬಾಗಿ ಡಬ್ಲ್ಯುಆರ್‌ಟಿ54ಜಿ ರೂಟರಿನ ಕೋಡ್ ಹೊರಗಿಟ್ಟಿತು, ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ತಂತ್ರಾಂಶ ಹುಟ್ಟಿತು. 2013ರಲ್ಲಿ ಕ್ವಾಲ್‌ಕಾಮ್ ಅಥೆರೋಸ್ ತನ್ನ ಯುಎಸ್‌ಬಿ ವೈಫೈ ಚಿಪ್ಪಿನ ಫರ್ಮ್‌ವೇರನ್ನೇ ಬಿಡುಗಡೆ ಮಾಡಿತು. ತಂತ್ರಾಂಶದಾಚೆಗೂ ಮಾದರಿ ಇದೆ: ನಮ್ಮದೇ ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿದೆ. ನಮಗೆ ಸಲ್ಲಬೇಕಾದದ್ದು ಇಷ್ಟು:

1. ನೀವು ಮಾರುವ ಪ್ರತಿ ಯಂತ್ರದ ಫರ್ಮ್‌ವೇರಿನ ಸೋರ್ಸ್ ಕೋಡನ್ನು, ಕಂಪೈಲ್ ಮಾಡುವ ಪರಿಕರ ಮತ್ತು ಸೂಚನೆಗಳ ಸಮೇತ, ಬಳಸುವ, ಓದುವ, ತಿದ್ದುವ, ಹಂಚುವ ಹಕ್ಕು ನೀಡುವ ಸ್ವತಂತ್ರ ತಂತ್ರಾಂಶ ಪರವಾನಗಿಯಡಿ ಬಿಡುಗಡೆ ಮಾಡಬೇಕು.

2. ಯಂತ್ರವು ಯಾರ ಡಿಜಿಟಲ್ ಸಹಿಯನ್ನು ನಂಬಬೇಕೆಂಬುದನ್ನು ಅದರ ಮಾಲೀಕರೇ ತೀರ್ಮಾನಿಸುವಂತಿರಬೇಕು.

3. ಲಿನಕ್ಸ್ ಬಳಸಿ ರೂಟರ್ ಕಟ್ಟಿದವರು, ಜಿಪಿಎಲ್ ಪ್ರಕಾರ ಕೊಡದೆ ಉಳಿಸಿಕೊಂಡಿರುವ ಕೋಡನ್ನು ಕೇಳಿದವರಿಗೆಲ್ಲ ಕೊಟ್ಟು ಬಾಕಿ ತೀರಿಸಬೇಕು.

4. ಚಿಪ್ಪುಗಳ ತಾಂತ್ರಿಕ ಕೈಪಿಡಿಗಳನ್ನು ಗೋಪ್ಯತಾ ಒಪ್ಪಂದಕ್ಕೆ ಸಹಿ ಕೇಳದೆ ಪ್ರಕಟಿಸಬೇಕು.

5. ಯಾವ ಮಾದರಿಗೆ ಬೆಂಬಲ ನಿಲ್ಲಿಸುತ್ತೀರೋ ಅದರ ಕೋಡ್ ಅದೇ ದಿನ ಸಾರ್ವಜನಿಕವಾಗಬೇಕು.

6. ಪೂರ್ಣ ಕೋಡ್ ಹೊರಬರುವವರೆಗೆ ಬೈನರಿ ಕಡತಗಳ ಮರುಹಂಚಿಕೆಗೆ ಷರತ್ತಿಲ್ಲದೆ ಅನುಮತಿ ಕೊಡಬೇಕು, ಏಕೆಂದರೆ 2022ರಲ್ಲಿ ಲಿನಕ್ಸ್ ಆಧಾರಿತ ಡೆಬಿಯನ್ ವ್ಯವಸ್ಥೆಯನ್ನು ಕಟ್ಟುವ ಸಮುದಾಯ ಮುಕ್ತ ತಂತ್ರಾಂಶವನ್ನಷ್ಟೇ ಸೇರಿಸುವ ತನ್ನ ಬಹುಕಾಲದ ನಿಲುವನ್ನು ಸಡಿಲಿಸಿ ಇಂಥ ಕಡತಗಳನ್ನು ತನ್ನ ಇನ್‌ಸ್ಟಾಲರಿನಲ್ಲಿ ಸೇರಿಸಿಕೊಳ್ಳಬೇಕಾಗಿ ಬಂದದ್ದು ನಿಮ್ಮಂಥವರ ಹಟದಿಂದ.

7. ಸ್ಮಾರ್ಟ್ ಮೀಟರಿನಲ್ಲಿ ಯೂನಿಟ್ ಎಣಿಸುವ ಕೋಡನ್ನೂ, ನಮ್ಮ ಗೋಡೆಯ ಮೀಟರಿನಲ್ಲಿ ಓಡುತ್ತಿರುವುದು ಅದೇ ಕೋಡ್ ಎಂದು ತಾಳೆ ನೋಡುವ ವಿಧಾನವನ್ನೂ ಪ್ರಕಟಿಸಬೇಕು (ಮೀಟರ್ ತಿದ್ದುವ ಅಧಿಕಾರವನ್ನಾಗಲಿ ಅದರ ಗುಪ್ತ ಕೀಲಿಗಳನ್ನಾಗಲಿ ನಾವು ಕೇಳುತ್ತಿಲ್ಲ).

8. ಕೇಂದ್ರ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶ ಅಳವಡಿಕೆಯ ನೀತಿ ಹೊರಡಿಸಿರುವುದರಿಂದ, ನಿಗಮವು ಮುಂದಿನ ಪ್ರತಿ ಮೀಟರ್ ಟೆಂಡರಿನಲ್ಲೂ ಫರ್ಮ್‌ವೇರ್ ಬಿಡುಗಡೆಯನ್ನು ಕಡ್ಡಾಯ ಷರತ್ತಾಗಿ ಬರೆಯಬೇಕು.

9. ಪ್ರತಿ ಬೇಡಿಕೆಗೂ ಬೇರೆ ಬೇರೆಯಾಗಿ, ಒಪ್ಪದಿದ್ದರೆ ಕಾರಣ ಸಹಿತ, ಹೊಣೆ ಹೊತ್ತ ಅಧಿಕಾರಿಯ ಸಹಿಯೊಂದಿಗೆ, 60 ದಿನಗಳೊಳಗೆ ಕನ್ನಡದಲ್ಲಿ ಲಿಖಿತ ಉತ್ತರ ಕೊಡಬೇಕು.

ಇಂತಿ,
ಮೈಸೂರಿನ ಕಂಪ್ಯೂಟರ್ ಬಳಕೆದಾರರು, ಶಿಕ್ಷಕರು, ರಿಪೇರಿ ಕೆಲಸದವರು ಮತ್ತು ವಿದ್ಯುತ್ ಗ್ರಾಹಕರು