ತಾಲ್ಲೂಕಿನ ಮೆಟ್ಟಿಲೇ ಇಲ್ಲದಿದ್ದರೆ ದಿಲ್ಲಿಗೆ ಹತ್ತುವುದು ಹೇಗೆ?

ಎಚ್.ಡಿ. ದೇವೇಗೌಡರ ಹೆಸರೆತ್ತಿದರೆ ನಮ್ಮ ಹಾಸ್ಟೆಲ್‌ನಲ್ಲಿ ಎರಡೇ ಮಾತು ಬರುತ್ತವೆ. ಒಂದು, ‘ಮಾಜಿ ಪ್ರಧಾನಿ’. ಇನ್ನೊಂದು, ‘ಕುಟುಂಬ ರಾಜಕಾರಣ’. ಎರಡೂ ನಿಜವೇ. ಆದರೆ ಎಂಜಿನಿಯರಿಂಗ್ ಓದುತ್ತಿರುವ ನನಗೆ ಕುತೂಹಲ ಹುಟ್ಟಿಸಿದ್ದು ಅವರು ಎಲ್ಲಿಂದ ಹೊರಟರು ಎಂಬುದು.

1933ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದವರು ಅವರು. ಹಾಸನದ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದರು. ಅಂದರೆ ಕಾಗದದಲ್ಲಿ ನೋಡಿದರೆ ನಮಗಿಂತ ಒಂದು ಮೆಟ್ಟಿಲು ಕೆಳಗಿನ ಸರ್ಟಿಫಿಕೇಟು. ಮೊದಲು ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದ ಅಧ್ಯಕ್ಷರಾದರು, ಆಮೇಲೆ ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾದರು. 1962ರಲ್ಲಿ ಪಕ್ಷೇತರರಾಗಿ ನಿಂತು ವಿಧಾನಸಭೆಗೆ ಬಂದಾಗ ಅವರಿಗೆ 28 ವರ್ಷ. ಕಾಂಗ್ರೆಸ್ಸಿನ ದೊಡ್ಡ ಅಲೆಯ ಕಾಲದಲ್ಲಿ, ಹಿಂದೆ ಪಕ್ಷವಿಲ್ಲದೆ ಒಬ್ಬ ಹಳ್ಳಿ ಹುಡುಗ ಗೆದ್ದದ್ದು ಹೇಗೆ? ಸಹಕಾರ ಸಂಘದ ಸಾಲ, ತಾಲ್ಲೂಕಿನ ರಸ್ತೆ, ಕೆರೆ ಎಂದು ಓಡಾಡಿದವನನ್ನು ಜನ ಮುಖ ನೋಡಿ ಗುರುತಿಸುತ್ತಿದ್ದಿರಬೇಕು ಎಂದೇ ನನಗನ್ನಿಸುತ್ತದೆ.

ಮುಂದಿನ ವರ್ಷಗಳಲ್ಲಿ ಹೆಚ್ಚು ಕಾಲ ಕೂತದ್ದು ವಿರೋಧ ಪಕ್ಷದ ಸಾಲಿನಲ್ಲಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1972ರಲ್ಲಿ ವಿರೋಧ ಪಕ್ಷದ ನಾಯಕರಾದರು. ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿದರು. ಜನತಾ ಸರ್ಕಾರದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಸಚಿವರಾದ ಮೇಲೂ, ನೀರಾವರಿಗೆ ಕೊಟ್ಟ ಹಣ ಸಾಲದೆಂದು 1987ರಲ್ಲಿ ಸಂಪುಟವನ್ನೇ ಬಿಟ್ಟರು. 1989ರಲ್ಲಿ ಹೊಳೆನರಸೀಪುರ, ಕನಕಪುರ ಎರಡು ಕಡೆ ನಿಂತು ಎರಡೂ ಕಡೆ ಸೋತರು. ಎಲ್ಲರೂ ‘ಮುಗೀತು’ ಎನ್ನುವ ಹೊತ್ತು ಅದು. ಎರಡೇ ವರ್ಷಕ್ಕೆ, 1991ರಲ್ಲಿ, ಹಾಸನದಿಂದ ಲೋಕಸಭೆಗೆ ಹೋದರು. 1994ರಲ್ಲಿ ಮುಖ್ಯಮಂತ್ರಿ, 1996ರ ಜೂನ್ 1ರಂದು ಪ್ರಧಾನಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದೊಂದಿಗೆ ಗಂಗಾ ನೀರು ಹಂಚಿಕೆಯ 30 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು. ನಾಲೆ, ಜಲಾಶಯಗಳ ಲೆಕ್ಕ ಗೊತ್ತಿದ್ದವರ ಕೈಗೆ ಕೊನೆಗೆ ಒಂದು ಮಹಾನದಿಯ ಲೆಕ್ಕವೇ ಬಂತು.

ಈ ಕಥೆಯ ಇನ್ನೊಂದು ಮಗ್ಗುಲನ್ನು ಮುಚ್ಚಿಡಬೇಕಿಲ್ಲ. ಸಹಕಾರ ಸಂಘದಿಂದ ಶುರು ಮಾಡಿದವರ ಪಕ್ಷದಲ್ಲಿ ಮಕ್ಕಳು, ಮೊಮ್ಮಕ್ಕಳು ನೇರವಾಗಿ ಮೇಲಿನ ಮೆಟ್ಟಿಲಿಗೇ ಬಂದರು. 2019ರಲ್ಲಿ ಇಬ್ಬರು ಮೊಮ್ಮಕ್ಕಳು ಲೋಕಸಭೆಗೆ ನಿಂತರು. ಹಾಸನವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟ ಗೌಡರು ತುಮಕೂರಿಗೆ ಹೋಗಿ ಸೋತರು. ಇದು ಒಂದೇ ಪಕ್ಷದ ಕಥೆಯೂ ಅಲ್ಲ. ಯಾವ ಪಕ್ಷದ ಟಿಕೆಟ್ ಪಟ್ಟಿ ತೆಗೆದರೂ ಅದೇ ಮನೆತನಗಳ ಹೆಸರು ಕಣ್ಣಿಗೆ ಬೀಳುತ್ತದೆ. ಅದನ್ನು ನೋಡಿ ನಾವು ಬೈಯುತ್ತೇವೆ, ಮೀಮ್ ಹಂಚುತ್ತೇವೆ, ಅಷ್ಟಕ್ಕೇ ಸುಮ್ಮನಾಗುತ್ತೇವೆ. ಮನೆತನವಿಲ್ಲದವನು ಇವತ್ತು ಹೊರಡಬೇಕೆಂದರೆ ಎಲ್ಲಿಂದ ಹೊರಡಬೇಕು ಎಂದು ಯಾರೂ ಕೇಳುವುದಿಲ್ಲ.

ನಾನು ಕೇಳಿದ್ದಕ್ಕೆ ಸಿಕ್ಕ ಉತ್ತರ ಇದು. ನಮ್ಮ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆ ನಡೆದದ್ದು 2016ರಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಗ ನಾನು ಎಸ್ಸೆಸ್ಸೆಲ್ಸಿ. ಈಗ ಬಿಇ ಐದನೇ ಸೆಮಿಸ್ಟರ್. ನಡುವೆ ಸರ್ಕಾರ ಬದಲಾಯಿತು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ ಎಂಬ ಕಾರಣಗಳು ಬದಲಾಗಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ ಸಂವಿಧಾನದ 243ಇ ವಿಧಿ. ಚುನಾಯಿತ ಸದಸ್ಯರು ಕೂರಬೇಕಾದ ಕುರ್ಚಿಯಲ್ಲಿ ಆಡಳಿತಾಧಿಕಾರಿ ಕೂತಿದ್ದಾರೆ. ಬೆಂಗಳೂರಿನ ಪಾಲಿಕೆಯ ಕಾರ್ಪೊರೇಟರ್‌ಗಳ ಅವಧಿಯೂ 2020ರಲ್ಲೇ ಮುಗಿಯಿತು.

ಇದರಿಂದ ಯಾರಿಗೆ ನಷ್ಟ? ಶಾಸಕರ ಮಗನಿಗಂತೂ ಅಲ್ಲ. ಸಿವಿಲ್ ಓದುತ್ತಿರುವ ನನ್ನ ಗೆಳೆಯನೊಬ್ಬನಿದ್ದಾನೆ. ತನ್ನೂರಿನ ಚರಂಡಿ ಕಾಮಗಾರಿಯ ಎಸ್ಟಿಮೇಟ್ ಓದಿ, ಎಷ್ಟು ಸಿಮೆಂಟು ಬೇಕಿತ್ತು, ಎಷ್ಟು ಬಿದ್ದಿದೆ ಎಂದು ಹೇಳಬಲ್ಲ. ತಾಲ್ಲೂಕು ಪಂಚಾಯಿತಿಗೆ ನಿಲ್ಲಬೇಕೆಂಬ ಆಸೆ ಅವನಿಗೆ. ‘ಮೊದ್ಲು ಪ್ಲೇಸ್‌ಮೆಂಟ್ ನೋಡ್ಕೊ’ ಎನ್ನುತ್ತಾರೆ ಅವರಮ್ಮ. ಅವರ ಮಾತು ತಪ್ಪಲ್ಲ, ಸಾಲ ಮಾಡಿ ಫೀಸು ಕಟ್ಟಿದವರು. ಅವನು ಹಟ ಹಿಡಿದರೂ ನಿಲ್ಲಲು ಚುನಾವಣೆಯೇ ಇಲ್ಲವಲ್ಲ!

ವಿಧಾನಸಭೆಗೆ, ಲೋಕಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು. ಪಂಚಾಯಿತಿಗೆ 21 ಸಾಕು. ಈ ನಾಲ್ಕು ವರ್ಷಗಳ ಅಂತರ ನಮ್ಮಂಥವರ ತರಬೇತಿಯ ಕಾಲ. ಬಜೆಟ್ ಓದುವುದು, ಅಧಿಕಾರಿಯನ್ನು ಪ್ರಶ್ನಿಸುವುದು, ಬಹುಮತ ಇಲ್ಲದಾಗಲೂ ಕೆಲಸ ಮಾಡಿಸಿಕೊಳ್ಳುವುದು, ಸೋತ ಮೇಲೆ ಮತ್ತೆ ಅದೇ ಬೀದಿಗೆ ಹೋಗುವುದು, ಇವನ್ನೆಲ್ಲ ಅಲ್ಲಿ ಕಲಿಯಬೇಕು. ಆಟೊಮೊಬೈಲ್ ಕಂಪನಿ ಇಂಟರ್ನ್‌ಶಿಪ್ ಇಲ್ಲದವನನ್ನು ಒಳಗೆ ಬಿಡುವುದಿಲ್ಲ. ಶಾಸನಸಭೆಗೆ ಮಾತ್ರ ಇಂಟರ್ನ್‌ಶಿಪ್ ಮಾಡದವರನ್ನೇ ಕಳಿಸುತ್ತಿದ್ದೇವೆ, ಮಾಡುವ ಜಾಗಕ್ಕೆ ಬೀಗ ಹಾಕಿದ್ದೇವೆ.

ನಾವೆಲ್ಲ ರಾಜಕೀಯಕ್ಕೆ ಇಳಿಯಬೇಕು ಎಂದು ನಾನು ಹೇಳುತ್ತಿಲ್ಲ. ನನಗೂ ಕೆಲಸ ಬೇಕು, ಗೇಟ್ ಪರೀಕ್ಷೆಗೆ ಓದುತ್ತಿದ್ದೇನೆ. ಆದರೆ ನೇಮಕಾತಿ ಪರೀಕ್ಷೆ ಮುಂದೂಡಿದರೆ ಬೀದಿಗಿಳಿಯುವ ನಾವು, ವರ್ಷಗಟ್ಟಲೆ ಮುಂದೂಡಿದ ಚುನಾವಣೆಯ ಬಗ್ಗೆಯೂ ಒಂದು ಮಾತು ಕೇಳಬೇಡವೇ? 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳಿಗೂ ಅವಧಿ ಎಂಬುದಿದೆ. ಊರಿಗೆ ಹೋದಾಗ ಗ್ರಾಮಸಭೆಗೆ ಹೋಗಿ, ಶಾಸಕರು ಸಿಕ್ಕರೆ ಕೇಳಿ: ನಮ್ಮ ಪಂಚಾಯಿತಿಗೆ ಚುನಾವಣೆ ಯಾವಾಗ?

ಮುಂದಿನ ವರ್ಷ ನನಗೆ 21 ತುಂಬುತ್ತದೆ. ನಿಲ್ಲುತ್ತೇನೋ ಬಿಡುತ್ತೇನೋ, ನಿಲ್ಲುವ ಹಕ್ಕಂತೂ ಕಾಗದದ ಮೇಲಷ್ಟೇ ಇರಬಾರದು.