1 ಟಿಬಿ ಸ್ಟಿಕ್ಕರ್‌ಗೆ ಮರುಳಾಗುವುದು ಬೇಡ

ಊರಿಗೆ ಹೋಗುವ ಟಿಕೆಟ್ ಆಯಿತೆಂದರೆ ನಮ್ಮ ಪಟ್ಟಿಯಲ್ಲಿ ಈಗ ಸಾಬೂನು, ಕಂಬಳಿ, ಖರ್ಜೂರದ ಜೊತೆ ಲ್ಯಾಪ್‌ಟಾಪ್ ಕೂಡ ಇರುತ್ತದೆ. ಮಗಳಿಗೆ ಪಿಯುಸಿ, ತಮ್ಮನಿಗೆ ಬಿಕಾಂ. ಬರ್‌ದುಬೈಯ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ನಮ್ಮ ಕಣ್ಣು ಮೊದಲು ಹೋಗುವುದು '1 ಟಿಬಿ' ಎಂಬ ಸ್ಟಿಕ್ಕರಿಗೆ. ಪಕ್ಕದ '256 ಜಿಬಿ ಎಸ್‌ಎಸ್‌ಡಿ' ಬಡಪಾಯಿಯಂತೆ ಕಾಣುತ್ತದೆ. ದೊಡ್ಡ ಸಂಖ್ಯೆ ನೋಡಿ ದಿರ್ಹಮ್ ಎಣಿಸುವ ಈ ಅಭ್ಯಾಸ ನಷ್ಟದ್ದು ಎಂದೇ ನಮ್ಮ ಅಭಿಪ್ರಾಯ.

ಹಳೆಯ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯಿದೆ. ಅದರ ಮೇಲೆ ಒಂದು ಪುಟ್ಟ ತೋಳು ಅತ್ತಿತ್ತ ಓಡಿ ಫೈಲ್ ಹುಡುಕಬೇಕು. ವಿಂಡೋಸ್ ತೆರೆಯುವಾಗ ಸಾವಿರಾರು ಚಿಕ್ಕ ಫೈಲ್ ಬೇಕಾಗುತ್ತದೆ, ತೋಳು ಓಡಿ ಓಡಿ ಸುಸ್ತು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಬರೀ ಚಿಪ್. ನಿಮಿಷಗಟ್ಟಲೆ ಕಾಯುವಲ್ಲಿ ಸೆಕೆಂಡುಗಳು ಸಾಕು. ಆನ್ ಇರುವಾಗಲೇ ಮಂಚದಿಂದ ಬಿದ್ದರೂ ತಟ್ಟೆಗೆ ಗೀರು ಬೀಳುವ ಭಯವಿಲ್ಲ. ಓದುವ ಮಕ್ಕಳಿಗೆ 256 ಜಿಬಿ ಧಾರಾಳ.

ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್ 'ಸ್ಲೋ' ಅಂತ ಹೊಸದು ಕೇಳುತ್ತಿದ್ದಾರಾ? ಸ್ವಲ್ಪ ತಡೆಯಿರಿ ಮಾರ್ರೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಶೇಕಡಾ ತೋರಿಸುತ್ತಲೇ ಇದ್ದರೆ ತಪ್ಪು ಹೆಚ್ಚಾಗಿ ಹಾರ್ಡ್ ಡಿಸ್ಕಿನದು. ಅದರ ಜಾಗಕ್ಕೇ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಹೊಸ ಲ್ಯಾಪ್‌ಟಾಪಿನ ದುಡ್ಡಿನ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ, ಉಳಿದದ್ದು ಫೀಸಿಗಾಯಿತು.

ಹಾಗಂತ ಹಾರ್ಡ್ ಡಿಸ್ಕ್ ಬಿಸಾಡಬೇಡಿ. ಮದುವೆ ವಿಡಿಯೋ, ತೀರಿಕೊಂಡ ಹಿರಿಯರ ಫೋಟೋ ತುಂಬಿಡಲು ಅದೇ ಅಗ್ಗ. ಇನ್ನೊಂದು ಮಾತು, ಅಂಗಡಿಯವರು ಇದನ್ನು ಹೇಳುವುದು ಕಡಿಮೆ: ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ಕರೆಂಟಿಗೆ ಹಾಕದೆ ಇಡಬಾರದು. ಬರೆದು ಬರೆದು ಸವೆದ ಎಸ್‌ಎಸ್‌ಡಿ 30 ಡಿಗ್ರಿ ಬಿಸಿಯಲ್ಲಿ, ಕರೆಂಟಿಲ್ಲದೆ, ಒಂದು ವರ್ಷ ಡೇಟಾ ಹಿಡಿದಿಟ್ಟರೆ ಸಾಕು ಎನ್ನುತ್ತದೆ ಜೆಡೆಕ್ ಮಾನದಂಡ. ಬಿಸಿ ಹೆಚ್ಚಿದಂತೆ ಆ ಅವಧಿ ಕಡಿಮೆ. ನಮ್ಮಲ್ಲಿ ಎಷ್ಟೋ ಜನರಿಗೆ ರಜೆ ಸಿಗುವುದೇ ಎರಡು ವರ್ಷಕ್ಕೊಮ್ಮೆ. ಅಲ್ಲಿಯ ತನಕ ಅದು ಗೋದ್ರೇಜಿನ ಕಪಾಟಿನಲ್ಲಿ ಸೀರೆಯ ಅಡಿಯಲ್ಲಿ!

ಹಾರ್ಡ್ ಡಿಸ್ಕ್ ಕೆಡುವ ಮೊದಲು ಕೆಲವೊಮ್ಮೆ ಟಿಕ್ ಟಿಕ್ ಅನ್ನುತ್ತದೆ. ಎಸ್‌ಎಸ್‌ಡಿ ಸದ್ದಿಲ್ಲದೆ ಹೋಗಿಬಿಡಬಹುದು. ಆದ್ದರಿಂದ ಫೋಟೋ, ಒಪ್ಪಂದ ಪತ್ರ, ಪಾಸ್‌ಪೋರ್ಟ್, ವೀಸಾ ಪ್ರತಿ ಎಲ್ಲದಕ್ಕೂ ಎರಡು ಕಾಪಿ ಮಾಡಿ: ಒಂದು ಇಲ್ಲಿ ರೂಮಿನಲ್ಲಿ, ಇನ್ನೊಂದು ಊರಿನಲ್ಲಿ. ಊರಿಗೆ ಒಯ್ಯುವ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿಗೆ ಹಾಕಬೇಡಿ.